ಗ್ಲಾಡಿಸ್ ಮೂಗಿನ ಮೇಲಿನ ಕ್ಲಿಪ್

ಸಂಜೆ ಹೊತ್ತು. ಹಿತ್ತಲಲ್ಲಿ ಒಣಹಾಕಿದ ಬಟ್ಟೆ ಇನ್ನೂ ತಂತಿ ಮೇಲೇ ಇದೆ, ಯಾರೂ ಒಳಗೆ ತಂದಿಲ್ಲ. ಟೀ ಕೊಡಬೇಕಾದ ಹುಡುಗಿ ಒಂದು ಟ್ರೇ ತಂದಿಟ್ಟಿದ್ದಾಳೆ. ತಿಂಡಿಯ ಟ್ರೇ ಹಾಲ್‌ನಲ್ಲೇ ಉಳಿದಿದೆ. ಎಲ್ಲಿ ಹೋದಳು ಅಂತ ಮನೆಯವರಿಗೆ ಸ್ವಲ್ಪ ಸಿಟ್ಟು ಬರುತ್ತದೆ, ಅಷ್ಟೇ. ಆಮೇಲೆ ನೋಡಿದರೆ ಬಟ್ಟೆ ತಂತಿಯ ಹತ್ತಿರ ಬಿದ್ದಿದ್ದಾಳೆ. ಕಾಲುಚೀಲದಿಂದ ಕತ್ತು ಬಿಗಿದು ಕೊಂದಿದ್ದಾರೆ. ಮೂಗಿಗೆ ಬಟ್ಟೆ ಕ್ಲಿಪ್ ಸಿಕ್ಕಿಸಿದ್ದಾರೆ.

ಅಗಾಥಾ ಕ್ರಿಸ್ಟಿ 1953ರಲ್ಲಿ ಬರೆದ 'ಎ ಪಾಕೆಟ್ ಫುಲ್ ಆಫ್ ರೈ' ಕಾದಂಬರಿಯ ದೃಶ್ಯ ಇದು. ಸತ್ತ ಹುಡುಗಿಯ ಹೆಸರು ಗ್ಲಾಡಿಸ್ ಮಾರ್ಟಿನ್. ಅನಾಥಾಶ್ರಮದಲ್ಲಿ ಬೆಳೆದವಳು. ಶ್ರೀಮಂತರ ಮನೆಯಲ್ಲಿ ಕೆಲಸಕ್ಕಿದ್ದಾಳೆ. ಆ ಮನೆಯಲ್ಲಿ ಯಜಮಾನನ ಕೊಲೆಯಾಗಿದೆ, ಯಜಮಾನಿಯ ಕೊಲೆಯೂ ಆಗಿದೆ. ಇಬ್ಬರಿಗೂ ವಿಷ. ಮೂರನೆಯವಳು ಈ ಹುಡುಗಿ. ಇಂಗ್ಲೆಂಡಿನ ಒಂದು ಹಳೆಯ ಮಕ್ಕಳ ಹಾಡಿನಲ್ಲಿ ಬಟ್ಟೆ ಒಣಹಾಕುತ್ತಿದ್ದ ಕೆಲಸದವಳ ಮೂಗನ್ನು ಹಕ್ಕಿಯೊಂದು ಕಿತ್ತುಕೊಂಡು ಹೋಗುತ್ತದೆ. ಕೊಂದವರು ಆ ಹಾಡನ್ನು ಹಿಡಿದು ಆಟ ಕಟ್ಟಿದ್ದಾರೆ. ಕ್ಲಿಪ್ ಅದಕ್ಕೆ.

ಇದನ್ನು ಮೊದಲ ಸಲ ಓದಿದಾಗ ನನಗೆ ಹದಿನೈದು ವರ್ಷ. ಮೈಸೂರಿನಲ್ಲಿ ನಮ್ಮ ಬೀದಿಯ ಕೊನೆಗೆ ಒಂದು ಪುಟ್ಟ ಲೈಬ್ರರಿ ಇತ್ತು. ಪುಸ್ತಕಕ್ಕೆ ದಿನಕ್ಕೆ ಇಷ್ಟು ಅಂತ ಬಾಡಿಗೆ. ಒಂದು ದಿನದ ದುಡ್ಡಿನಲ್ಲೇ ಮುಗಿಸಬೇಕು ಅಂತ ರಾತ್ರಿಯೆಲ್ಲ ಓದುತ್ತಿದ್ದೆ. ಯಜಮಾನನನ್ನು ಕೊಂದವರು ಯಾರು, ಅದೊಂದೇ ಕುತೂಹಲ. ಗ್ಲಾಡಿಸ್ ಬಂದಳು, ಸತ್ತಳು, ನಾನು ಪುಟ ತಿರುಗಿಸಿದೆ.

ಹೋದ ವರ್ಷ ಅದೇ ಪುಸ್ತಕ ಮತ್ತೆ ಕೈಗೆ ಸಿಕ್ಕಿತು. ಕೊಲೆಗಾರ ಯಾರು ಅಂತ ನೆನಪಿತ್ತು. ಹಾಗಾಗಿ ಅವಸರ ಇರಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು, ಕ್ರಿಸ್ಟಿಯ ಕಥೆಗಳಲ್ಲಿ ಕೊಲೆಗಾರರನ್ನು ಪತ್ತೆ ಮಾಡುವ ಮಿಸ್ ಮಾರ್ಪಲ್ ಆ ಮನೆಗೆ ಯಾಕೆ ಬರುತ್ತಾರೆ ಅನ್ನುವುದು. ಯಾರೂ ಕರೆಸಿಲ್ಲ. ಯಜಮಾನ ಸತ್ತ ಅಂತ ಬಂದದ್ದೂ ಅಲ್ಲ. ಹಳ್ಳಿಯಲ್ಲಿರುವ ಈ ಒಂಟಿ ಮುದುಕಿ ಹಿಂದೆ ಗ್ಲಾಡಿಸ್‌ಳನ್ನು ಮನೆಯಲ್ಲಿಟ್ಟುಕೊಂಡು ಕೆಲಸ ಕಲಿಸಿದವರು. ಪೇಪರಿನಲ್ಲಿ ಸುದ್ದಿ ಓದಿ ರೈಲು ಹತ್ತಿ ಬರುತ್ತಾರೆ. ಕೊಂದದ್ದೇ ಕ್ರೌರ್ಯ. ಕೊಂದ ಮೇಲೆ ಆ ಕ್ಲಿಪ್ ಸಿಕ್ಕಿಸಿದ್ದನ್ನು ಅವರಿಗೆ ಸಹಿಸುವುದಕ್ಕೇ ಆಗುವುದಿಲ್ಲ. ಒಬ್ಬ ಮನುಷ್ಯಳನ್ನು ಕೊನೆಗೂ ಗೊಂಬೆಯ ಹಾಗೆ ಆಡಿಸಿಬಿಟ್ಟರಲ್ಲ ಅನ್ನುವ ಸಿಟ್ಟು ಅದು.

ಓದುತ್ತಾ ಕೂತಿದ್ದವಳು ಪುಸ್ತಕ ಮುಚ್ಚಿಟ್ಟೆ. ನಮ್ಮ ಮನೆಯ ಕೆಲಸದಮ್ಮ ನೆನಪಾದರು.

ಅವರ ವಿಷಯ ಆಮೇಲೆ ಹೇಳುತ್ತೇನೆ. ಅಂದಿನಿಂದ ಒಂದು ವರ್ಷ ಇಂಗ್ಲಿಷ್ ಪತ್ತೇದಾರಿ ಕಾದಂಬರಿ ಬರೆದ ಹೆಂಗಸರನ್ನು ಒಬ್ಬೊಬ್ಬರಾಗಿ ಮತ್ತೆ ಓದಿದೆ. ಈ ಸಲ ಮನೆಗೆಲಸದವರು ಎಲ್ಲಿ ಬರುತ್ತಾರೆ, ಅವರಿಗೆ ಏನಾಗುತ್ತದೆ ಅಂತ ನೋಡಿಕೊಂಡು ಓದಿದೆ. ಬರಹದಲ್ಲಿ ಕೆಲವು ಕಥೆಗಳ ಗುಟ್ಟು ಬಯಲಾಗುತ್ತದೆ. ಡೊರೊತಿ ಸೇಯರ್ಸ್ ಅವರ 'ಗಾಡಿ ನೈಟ್', ರುತ್ ರೆಂಡೆಲ್ ಅವರ 'ಸಿಮಿಸೋಲ' ಓದಬೇಕು ಅಂತ ಇಟ್ಟುಕೊಂಡಿರುವವರು ಆ ಭಾಗಗಳನ್ನು ಬಿಟ್ಟು ಮುಂದೆ ಹೋಗಿ.

ಕ್ರಿಸ್ಟಿ ಹುಟ್ಟಿದ್ದು 1890ರಲ್ಲಿ, ಡೆವನ್‌ನ ಟಾರ್ಕಿ ಎಂಬ ಸಮುದ್ರ ತೀರದ ಊರಿನಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಆಸ್ಪತ್ರೆಯಲ್ಲಿ ಗಾಯಾಳುಗಳ ಸೇವೆ ಮಾಡಿದರು. ಆಮೇಲೆ ಅಲ್ಲೇ ಔಷಧಿ ಕೊಡುವ ಕೆಲಸಕ್ಕೆ ಸೇರಿದರು. ವಿಷಗಳ ಪರಿಚಯ ಆದದ್ದು ಅಲ್ಲಿ. ಮೊದಲ ಕಾದಂಬರಿ ಬಂದದ್ದು 1920ರಲ್ಲಿ. ಅದರ ಪತ್ತೇದಾರ ಪೊಯ್ರೋ ಬೆಲ್ಜಿಯಂನಿಂದ ಓಡಿಬಂದ ನಿರಾಶ್ರಿತ. 1976ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅರವತ್ತಾರು ಪತ್ತೇದಾರಿ ಕಾದಂಬರಿ ಬರೆದಿದ್ದರು. ಇಷ್ಟು ಎಲ್ಲರಿಗೂ ಗೊತ್ತು.

ಅವರ ಬಗ್ಗೆ ಒಂದು ಮಾತನ್ನು ನಾನೂ ತುಂಬಾ ದಿನ ನಂಬಿದ್ದೆ. ಕ್ರಿಸ್ಟಿ ಎಂದರೆ ಒಗಟು, ಸಮಾಜ ಗಿಮಾಜ ಏನೂ ಇಲ್ಲ ಅಂತ. ದೊಡ್ಡ ಮನೆ, ಹೂದೋಟ, ಟೀ, ಹೆಣ. ಆದರೆ ಆ ಟೀ ತಂದವರು ಯಾರು, ಹೂದಾನಿಯ ನೀರು ಬದಲಾಯಿಸಿದವರು ಯಾರು, ಬೆಳಗ್ಗೆ ಕಿಟಕಿ ಪರದೆ ಎಳೆದವರು ಯಾರು ಅಂತ ಲೆಕ್ಕ ಇಡದಿದ್ದರೆ ಅವರ ಒಗಟು ಬಿಡಿಸುವುದಕ್ಕೇ ಆಗುವುದಿಲ್ಲ, ಅಲ್ವಾ? ಷರ್ಲಾಕ್ ಹೋಮ್ಸ್ ಗಾಡಿ ಹತ್ತಿ ಲಂಡನ್ನಿನ ಬೀದಿ ಸುತ್ತುತ್ತಾನೆ, ಚುಟ್ಟದ ಬೂದಿ ನೋಡುತ್ತಾನೆ. ಈ ಹೆಂಗಸರು ಮನೆಯ ಹಿಂಬಾಗಿಲು ತೆರೆದು ಅಡುಗೆಮನೆಗೇ ಬರುತ್ತಾರೆ. ಯಾವ ಕಪ್ಪು ತೊಳೆದಿದೆ, ಯಾವುದು ತೊಳೆದಿಲ್ಲ ಅಂತ ನೋಡುತ್ತಾರೆ. ಅಡುಗೆಮನೆಗೆ ಬಂದ ಮೇಲೆ ಅಲ್ಲಿರುವವರನ್ನು ನೋಡಲೇಬೇಕಲ್ಲ.

ಅವರ ಸಂಖ್ಯೆಯೂ ಸಣ್ಣದಲ್ಲ. 1931ರ ಜನಗಣತಿಯ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13 ಲಕ್ಷ ಹೆಂಗಸರು ಬೇರೆಯವರ ಮನೆಗೆಲಸ ಮಾಡಿಕೊಂಡಿದ್ದರು. ದುಡಿಯುವ ಹೆಂಗಸರಲ್ಲಿ ಹತ್ತಿರ ಹತ್ತಿರ ಕಾಲು ಭಾಗ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಅವರೆಲ್ಲ ಕಾರ್ಖಾನೆ, ಅಂಗಡಿ, ಆಫೀಸುಗಳ ರುಚಿ ನೋಡಿದ್ದರು. ದೊಡ್ಡ ಮನೆಗಳಿಗೆ ಕೆಲಸದವರು ಸಿಗುವುದೇ ಕಷ್ಟವಾಯಿತು. ಅನಾಥಾಶ್ರಮದ ಹುಡುಗಿಯರಿಗೆ ಕೆಲಸ ಕಲಿಸಿ ತಯಾರು ಮಾಡುವ ಮಿಸ್ ಮಾರ್ಪಲ್‌ರನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಬೇರೆಯೇ ಕಾಣುತ್ತಾರೆ. ಒಳ್ಳೆಯ ಮನಸ್ಸೂ ಹೌದು, ಒಂದು ವರ್ಗದ ಅಗತ್ಯವೂ ಹೌದು.

ಕ್ರಿಸ್ಟಿಗೆ ಕೆಲಸದವರ ಮೇಲೆ ಅಪಾರ ಪ್ರೀತಿ ಇತ್ತು ಅಂತ ನಾನು ಹೇಳುತ್ತಿಲ್ಲ. ಅವರ ಕಥೆಗಳಲ್ಲಿ ಕೆಲಸದ ಹುಡುಗಿಯರು ಬಹಳ ಸಲ ಪೆದ್ದಿಯರು. ಬಾಯಿ ತೆರೆದುಕೊಂಡು ನಿಂತಿರುತ್ತಾರೆ, ಪೊಲೀಸರನ್ನು ಕಂಡರೆ ಅಳುತ್ತಾರೆ. ಗ್ಲಾಡಿಸ್ ಕೂಡ ಹಾಗೇ. ನೋಡಲು ಚೆನ್ನಾಗಿಲ್ಲ, ಚುರುಕಿಲ್ಲ, ಸಿನಿಮಾ ನೋಡಿ ಕನಸು ಕಾಣುತ್ತಾಳೆ. ಯಾರೋ ಒಬ್ಬ ನಿನ್ನನ್ನು ಪ್ರೀತಿಸುತ್ತೇನೆ ಅಂದದ್ದಕ್ಕೆ ಅವನು ಹೇಳಿದ್ದನ್ನೆಲ್ಲ ನಂಬುತ್ತಾಳೆ. ಯೆಹೂದಿಗಳ ಬಗ್ಗೆ ಕ್ರಿಸ್ಟಿಯ ಮೊದಮೊದಲ ಪುಸ್ತಕಗಳಲ್ಲಿ ಬರುವ ಮಾತುಗಳನ್ನು ಓದಿದರೆ ಇವತ್ತು ಮುಜುಗರವಾಗುತ್ತದೆ. ಸೇಯರ್ಸ್ ಬರಹದಲ್ಲೂ ಅಂಥದ್ದಿದೆ. ತಮ್ಮ ಕಾಲದ, ತಮ್ಮ ಜನರ ಕಣ್ಣಿನಿಂದಲೇ ಅವರು ನೋಡಿದ್ದು. ಆದರೂ ಗ್ಲಾಡಿಸ್ ಪುಸ್ತಕದ ಕೊನೆಯ ಪುಟ ನನ್ನನ್ನು ಬಿಡುವುದಿಲ್ಲ. ಎಲ್ಲ ಮುಗಿಸಿ ಮಿಸ್ ಮಾರ್ಪಲ್ ಮನೆಗೆ ಬರುತ್ತಾರೆ. ಒಂದು ಕಾಗದ ಕಾದಿರುತ್ತದೆ. ಸಾಯುವ ಮುಂಚೆ ಗ್ಲಾಡಿಸ್ ಬರೆದದ್ದು, ನನಗೆ ಏನು ಮಾಡಬೇಕೋ ಗೊತ್ತಾಗುತ್ತಿಲ್ಲ, ಸಹಾಯ ಮಾಡಿ ಅಂತ. ಜೊತೆಗೆ ಅವಳ ಆ ಹುಡುಗನ ಫೋಟೋ. ಆ ಹುಡುಗಿಗೆ ಇಡೀ ಲೋಕದಲ್ಲಿ ಕಾಗದ ಬರೆಯುವುದಕ್ಕೆ ಇದ್ದದ್ದು ಇವರೊಬ್ಬರೇ. ಮುದುಕಿಯ ಕಣ್ಣಲ್ಲಿ ನೀರು ಬರುತ್ತದೆ. ಆಮೇಲೆ ಸಿಟ್ಟು. ಎಷ್ಟು ಜಾಣತನದಿಂದ ಹೆಣೆದ ಒಗಟಿನ ಕೊನೆಗೆ ಕ್ರಿಸ್ಟಿ ಆ ಕಾಗದವನ್ನು ಇಟ್ಟರಲ್ಲ, ಅದು ಸುಮ್ನೆ ಅಲ್ಲ ಅಂತ ನನಗನ್ನಿಸುತ್ತದೆ.

1950ರಲ್ಲಿ ಬಂದ 'ಎ ಮರ್ಡರ್ ಈಸ್ ಅನೌನ್ಸ್ಡ್' ಇನ್ನೂ ಹೆಚ್ಚು ಹೇಳುತ್ತದೆ. ಯುದ್ಧ ಮುಗಿದು ಐದು ವರ್ಷ ಆದರೂ ಬ್ರಿಟನ್ನಿನಲ್ಲಿ ರೇಷನ್ ಮುಗಿದಿರಲಿಲ್ಲ. 1954ರವರೆಗೂ ಇತ್ತು. ಕೇಕ್ ಮಾಡಬೇಕೆಂದರೆ ಬೆಣ್ಣೆ, ಸಕ್ಕರೆ ಕೂಡಿಡಬೇಕು. ಹಳ್ಳಿಯವರು ಒಬ್ಬರಿಗೊಬ್ಬರು ಕದ್ದುಮುಚ್ಚಿ ಬೆಣ್ಣೆ, ತರಕಾರಿ ಕೊಟ್ಟು ತಗೊಂಡು ಮಾಡುತ್ತಾರೆ. ಅಡುಗೆಗೆ ಇರುವವಳು ಯುದ್ಧದಲ್ಲಿ ಮನೆಯವರನ್ನು ಕಳೆದುಕೊಂಡು ಬಂದ ನಿರಾಶ್ರಿತೆ, ಊರಿನವರ ಕಣ್ಣಿಗೆ ಸುಳ್ಳುಗಾತಿ. ಇಂಡಿಯಾದಿಂದ ವಾಪಸ್ ಬಂದ ಕರ್ನಲ್ ಒಬ್ಬ ಇದ್ದಾನೆ. ಮಿಸ್ ಮಾರ್ಪಲ್ ಒಂದು ಕಡೆ ಹೇಳುತ್ತಾರೆ: ಮುಂಚೆ ಊರಿಗೆ ಹೊಸಬರು ಬಂದರೆ ಅವರನ್ನು ಬಲ್ಲವರ ಕಾಗದ ಜೊತೆಗೇ ಬರುತ್ತಿತ್ತು. ಈಗ ಯಾರು ಯಾರೋ ಬಂದು ನೆಲೆಸುತ್ತಾರೆ. ತಾವು ಯಾರು ಅಂತ ಅವರು ಹೇಳಿದ್ದೇ ನಮಗೆ ಗೊತ್ತಿರುವುದು.

ಮುಳುಗಿದ ಸಾಮ್ರಾಜ್ಯ, ಖಾಲಿಯಾದ ಖಜಾನೆ, ಯಾರನ್ನೂ ನಂಬದ ಊರು. ಇದೆಲ್ಲ ಒಂದು ಟೀ ಪಾರ್ಟಿಯ ಮಾತಿನಲ್ಲಿ ಬಂದುಬಿಡುತ್ತದೆ. ಅದಕ್ಕಿಂತ ಹತ್ತಿರದ್ದು ಡೋರಾ ಬನ್ನರ್ ಎಂಬ ವಯಸ್ಸಾದ ಹೆಂಗಸಿನ ಮಾತು. ಮದುವೆಯಾಗಿಲ್ಲ, ಒಂಟಿ. ಹಳೆಯ ಸ್ಕೂಲಿನ ಗೆಳತಿ ಕರೆದು ಮನೆಯಲ್ಲಿಟ್ಟುಕೊಂಡಿದ್ದಾಳೆ. ಪೊಲೀಸ್ ಅಧಿಕಾರಿಯ ಮುಂದೆ ಬಡತನ ಅಂದರೆ ಏನು ಅಂತ ಹೇಳುತ್ತಾಳೆ. ಊಟಕ್ಕಿಂತ ಮೇಜಿನ ಮೇಲೆ ಹೂವು ಮುಖ್ಯ ಅನ್ನುವವರು ಎಷ್ಟು ಹೊತ್ತು ಉಪವಾಸ ಇದ್ದಾರೆ ಅಂತ ಕೇಳುತ್ತಾಳೆ. ದಿನಾ ಬ್ರೆಡ್ಡು, ಅದಕ್ಕೆ ಸವರಿಕೊಳ್ಳಲು ಒಂಚೂರು ಏನೋ. ತೇಪೆ ಹಾಕಿದ ಬಟ್ಟೆ. ಕೆಲಸ ಕೇಳಿಕೊಂಡು ಹೋದರೆ ನಿಮಗೆ ವಯಸ್ಸಾಯಿತು ಅನ್ನುವ ಉತ್ತರ. ಬಾಡಿಗೆಯ ಚಿಂತೆ. ಒಗಟಿಗೆ ಇಷ್ಟು ವಿವರ ಬೇಕಾಗಿರಲಿಲ್ಲ. ಈ ಪುಟ ಬರೆಯುವಾಗ ಕ್ರಿಸ್ಟಿ ಅಂಥ ಯಾರನ್ನೋ ಕಣ್ಣಾರೆ ಕಂಡಿದ್ದರು ಅಂತ ನಾನು ನಂಬುತ್ತೇನೆ.

ಇಂಥ ಒಂಟಿ ಹೆಂಗಸರು ಆ ಕಾಲದ ಇಂಗ್ಲೆಂಡಿನಲ್ಲಿ ಬೀದಿಗೊಬ್ಬರು ಇದ್ದರು. 1921ರ ಜನಗಣತಿಯಲ್ಲಿ ಗಂಡಸರಿಗಿಂತ ಹೆಂಗಸರು ಸುಮಾರು 17 ಲಕ್ಷ ಜಾಸ್ತಿ. ಮೊದಲ ಮಹಾಯುದ್ಧ ಆ ಅಂತರವನ್ನು ಹಿಗ್ಗಿಸಿತ್ತು. ಪತ್ರಿಕೆಗಳು ಇವರನ್ನು ಹೆಚ್ಚುವರಿ ಹೆಂಗಸರು ಅಂತ ಕರೆದವು. ಬೇಕಾಗಿರುವುದಕ್ಕಿಂತ ಜಾಸ್ತಿ ಬಂದ ಸರಕಿನ ಹಾಗೆ. ಈ ಮಾತು ಡೊರೊತಿ ಸೇಯರ್ಸ್‌ಗೆ ಎಷ್ಟು ಚುಚ್ಚಿರಬೇಕು ಅನ್ನುವುದು 1927ರ 'ಅನ್‌ನ್ಯಾಚುರಲ್ ಡೆತ್' ಓದಿದರೆ ಗೊತ್ತಾಗುತ್ತದೆ. ಅವರ ಪತ್ತೇದಾರ ಲಾರ್ಡ್ ಪೀಟರ್ ವಿಮ್ಸಿ, ಮಿಸ್ ಕ್ಲಿಂಪ್ಸನ್ ಎಂಬ ನಡುವಯಸ್ಸಿನ ಮದುವೆಯಾಗದ ಹೆಂಗಸನ್ನು ಸಂಬಳ ಕೊಟ್ಟು ಕೆಲಸಕ್ಕೆ ಇಟ್ಟುಕೊಳ್ಳುತ್ತಾನೆ. ಕೆಲಸ ಏನು? ಊರಿಗೆ ಹೋಗಿ ಮಾತಾಡಿಸುವುದು, ಕೇಳಿಸಿಕೊಳ್ಳುವುದು. ಇವರ ಕುತೂಹಲವನ್ನು ಎಲ್ಲರೂ ಹರಟೆ ಅಂತ ತಳ್ಳಿಹಾಕುತ್ತಾರೆ, ಪೊಲೀಸರಿಗೆ ಬಾಯಿ ಬಿಡದವರು ಇವರ ಹತ್ತಿರ ಬಿಡುತ್ತಾರೆ ಅನ್ನುವುದು ಅವನ ತರ್ಕ. 1930ರ 'ಸ್ಟ್ರಾಂಗ್ ಪಾಯ್ಸನ್' ಹೊತ್ತಿಗೆ ಮಿಸ್ ಕ್ಲಿಂಪ್ಸನ್ ಕೈಕೆಳಗೆ ಅಂಥ ಹೆಂಗಸರ ಒಂದು ಆಫೀಸೇ ಇದೆ. ಹೊರಗೆ ಟೈಪಿಂಗ್ ಬೋರ್ಡು, ಒಳಗೆ ಪತ್ತೇದಾರಿ. ಬೇಡವಾದ ಹೆಂಗಸರಿಗೆ ಒಂದು ಮೇಜು, ಒಂದು ಸಂಬಳ, ಒಂದು ಗೌರವ. ನನಗೆ ಆ ಅಧ್ಯಾಯ ಓದುವಾಗ ಮೈ ಜುಮ್ ಅನ್ನುತ್ತದೆ. ಮದುವೆಯಾಗದೆ ಉಳಿದು ಎಲ್ಲರ ಬಾಣಂತನಕ್ಕೂ ಓಡಿದ ಅತ್ತೆ, ದೊಡ್ಡಮ್ಮ ನಮ್ಮ ಮನೆಗಳಲ್ಲೂ ಇದ್ದರಲ್ಲ.

ಸೇಯರ್ಸ್ ತಾವೇ ಈ ಬಿಸಿ ಅನುಭವಿಸಿದವರು. ಆಕ್ಸ್‌ಫರ್ಡ್‌ನ ಸಾಮರ್‌ವಿಲ್ ಕಾಲೇಜಿನಲ್ಲಿ 1915ರಲ್ಲಿ ಮೊದಲ ದರ್ಜೆಯಲ್ಲಿ ಓದು ಮುಗಿಸಿದರು. ಡಿಗ್ರಿ ಕೊಡಲಿಲ್ಲ. ಹೆಂಗಸರಿಗೆ ಕೊಡುವ ಪದ್ಧತಿ ಇರಲಿಲ್ಲ. ಐದು ವರ್ಷ ಕಾದು 1920ರಲ್ಲಿ, ನಿಯಮ ಬದಲಾದಾಗ, ಮೊದಲ ತಂಡದಲ್ಲಿ ನಿಂತು ಪಡೆದರು. ಕೇಂಬ್ರಿಡ್ಜ್ ಇನ್ನೂ ತಡ, 1948. ಡಿಗ್ರಿ ಪಡೆದ ಮೇಲೆ ಸೇಯರ್ಸ್ ಲಂಡನ್ನಿನ ಒಂದು ಜಾಹೀರಾತು ಕಂಪನಿಯಲ್ಲಿ ವರ್ಷಗಟ್ಟಲೆ ದುಡಿದರು. ಆ ನಡುವೆ, 1924ರಲ್ಲಿ, ಮದುವೆಯಾಗದೆ ಮಗುವಿನ ತಾಯಿಯಾದರು. ಮಗನನ್ನು ಸೋದರಸಂಬಂಧಿಯೊಬ್ಬರ ಹತ್ತಿರ ಬೆಳೆಸಿದರು. ಅವರು ಬದುಕಿರುವವರೆಗೂ ಲೋಕಕ್ಕೆ ಅದು ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಆ ಕಾಲದಲ್ಲಿ ಕೆಲಸ, ಮರ್ಯಾದೆ ಎರಡೂ ಉಳಿಯುವುದು ಕಷ್ಟವಿತ್ತು. ಎಷ್ಟು ಭಾರ ಹೊತ್ತು ಬರೆದರು ಅಂತ ಯೋಚಿಸುತ್ತೇನೆ.

1935ರ 'ಗಾಡಿ ನೈಟ್' ಅವರ ದೊಡ್ಡ ಪುಸ್ತಕ. ಅದರಲ್ಲಿ ಕೊಲೆಯೇ ಇಲ್ಲ. ಆಕ್ಸ್‌ಫರ್ಡ್‌ನಲ್ಲಿ ಹೆಂಗಸರ ಒಂದು ಕಾಲೇಜು. ಯಾರೋ ಹೊಲಸು ಕಾಗದ ಬರೆಯುತ್ತಿದ್ದಾರೆ, ಪುಸ್ತಕ ಹರಿದು ಹಾಕುತ್ತಿದ್ದಾರೆ. ಅದೇ ಕಾಲೇಜಿನಲ್ಲಿ ಓದಿದ ಹ್ಯಾರಿಯೆಟ್ ವೇನ್ ಎಂಬ ಲೇಖಕಿ ಪತ್ತೆ ಮಾಡಲು ಬರುತ್ತಾಳೆ. ಎಲ್ಲರ ಅನುಮಾನವೂ ಪಾಠ ಹೇಳುವ ಹೆಂಗಸರ ಮೇಲೆ. ಮದುವೆ ಇಲ್ಲ, ಮಕ್ಕಳಿಲ್ಲ, ಬರೀ ಪುಸ್ತಕ. ಹೀಗಿದ್ದರೆ ತಲೆ ಕೆಡದೆ ಇರುತ್ತದೆಯೇ ಅಂತ. ಘೋರವಾದದ್ದು ಏನೆಂದರೆ ಆ ಹೆಂಗಸರೂ ಒಬ್ಬರ ಮೇಲೊಬ್ಬರು ಹಾಗೇ ಅನುಮಾನ ಪಡಲು ಶುರುಮಾಡುತ್ತಾರೆ. ಲೋಕ ಹೇಳುವ ಮಾತು ಅವರ ಒಳಗೂ ಇಳಿದಿರುತ್ತದೆ.

ಕೊನೆಗೆ ಸಿಕ್ಕಿಬೀಳುವವಳು ಆನಿ. ಕಾಲೇಜಿನ ಕೆಲಸದವಳು. ಗಂಡನನ್ನು ಕಳೆದುಕೊಂಡವಳು, ಎರಡು ಮಕ್ಕಳ ತಾಯಿ. ಅವಳ ಗಂಡ ವಿದ್ವಾಂಸ. ತನ್ನ ವಾದಕ್ಕೆ ವಿರುದ್ಧವಾದ ಒಂದು ದಾಖಲೆಯನ್ನು ಮುಚ್ಚಿಟ್ಟಿದ್ದ. ಅದನ್ನು ಕಂಡುಹಿಡಿದು ಹೇಳಿದ ಹೆಂಗಸು ಈಗ ಇದೇ ಕಾಲೇಜಿಗೆ ಬಂದಿದ್ದಾಳೆ. ಅವನ ಡಿಗ್ರಿ ಹೋಯಿತು, ಕೆಲಸ ಹೋಯಿತು, ಜೀವ ತೆಗೆದುಕೊಂಡ. ಆನಿ ಎಲ್ಲರ ಎದುರು ನಿಂತು ಉಗಿಯುತ್ತಾಳೆ. ನಿಮ್ಮ ಪುಸ್ತಕಕ್ಕೋಸ್ಕರ ನನ್ನ ಮನೆ ಹಾಳು ಮಾಡಿದಿರಿ, ಗಂಡಸರ ಕೆಲಸ ಕಿತ್ತುಕೊಂಡಿರಿ ಅಂತ. ಹುಚ್ಚು ಹಿಡಿಯುತ್ತದೆ ಅಂತ ಎಲ್ಲರೂ ಹೇಳಿದ್ದು ಮದುವೆಯಾಗದವರಿಗೆ. ಹಿಡಿದದ್ದು ಗಂಡ, ಮನೆ, ಮಕ್ಕಳು ಅಂತಲೇ ಬದುಕಿದವಳಿಗೆ.

ಸೇಯರ್ಸ್ ಇಲ್ಲಿ ಗೆದ್ದಿದ್ದಾರೆ. ಆದರೂ ಈ ಸಲ ಓದುವಾಗ ಆನಿಯ ಪಕ್ಕ ನಿಂತು ನೋಡಿದೆ. ಅಷ್ಟು ಜನ ವಿದ್ಯಾವಂತ ಹೆಂಗಸರು ಸತ್ಯ ಮುಖ್ಯವೋ ಪ್ರೀತಿ ಮುಖ್ಯವೋ ಅಂತ ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ. ಅದೇ ಕೋಣೆಗೆ ಕಾಫಿ ತಂದಿಡುವವಳಿಗೂ ಅದರ ಬಗ್ಗೆ ಒಂದು ಮಾತು ಇರಬಹುದು ಅಂತ ಒಬ್ಬರಿಗೂ ಹೊಳೆಯುವುದಿಲ್ಲ. ಆ ಕಾಲೇಜು ಹೆಂಗಸರಿಗೆ ಅಷ್ಟೊಂದು ಸ್ವಾತಂತ್ರ್ಯ ಕೊಟ್ಟದ್ದು ಇನ್ನೊಂದಷ್ಟು ಹೆಂಗಸರು ನೆಲ ಒರೆಸಿದ್ದರಿಂದ. ಸೇಯರ್ಸ್‌ಗೆ ಇದು ಕಂಡಿತ್ತೋ ಇಲ್ಲವೋ, ಪುಸ್ತಕದಲ್ಲಂತೂ ಕಾಣುತ್ತದೆ.

ಮಾರ್ಜರಿ ಆಲಿಂಗ್‌ಹ್ಯಾಮ್, ನ್ಯೂಜಿಲೆಂಡಿನ ನಾಯೊ ಮಾರ್ಷ್ ಇಬ್ಬರನ್ನೂ ಖುಷಿಯಿಂದ ಓದಿದೆ. 1952ರ 'ದಿ ಟೈಗರ್ ಇನ್ ದಿ ಸ್ಮೋಕ್' ಕಾದಂಬರಿಯಲ್ಲಿ ಲಂಡನ್ನಿನ ಮಂಜು ಎದೆಯೊಳಗೇ ಇಳಿದ ಹಾಗಾಗುತ್ತದೆ. ಆದರೆ ನಾನು ಹುಡುಕುತ್ತಿದ್ದದ್ದು ಅಲ್ಲಿ ಕಡಿಮೆ.

ಜೋಸೆಫೀನ್ ಟೇ ಮಾತ್ರ ನನ್ನನ್ನು ಕಾಡಿದರು. ಸ್ಕಾಟ್ಲೆಂಡಿನ ಇನ್ವರ್ನೆಸ್‌ನ ಎಲಿಜಬೆತ್ ಮೆಕಿಂಟಾಷ್ ಈ ಹೆಸರಿನಲ್ಲಿ ಬರೆಯುತ್ತಿದ್ದರು. 1948ರ 'ದಿ ಫ್ರಾಂಚೈಸ್ ಅಫೇರ್' ಕಥೆ ಹೀಗೆ. ಊರ ಹೊರಗಿನ ಹಳೆಯ ಮನೆಯಲ್ಲಿ ತಾಯಿ, ಮಗಳು ಇಬ್ಬರೇ. ಅವರು ತನ್ನನ್ನು ಕೂಡಿಹಾಕಿ, ಹೊಡೆದು, ಮನೆಗೆಲಸ ಮಾಡಿಸಿದರು ಅಂತ ಹದಿನೈದು ವರ್ಷದ ಹುಡುಗಿಯೊಬ್ಬಳು ದೂರು ಕೊಡುತ್ತಾಳೆ. ಪೇಪರಿನವರು ಸುದ್ದಿ ಮಾಡುತ್ತಾರೆ. ಊರಿಗೆ ಊರೇ ತಾಯಿ ಮಗಳ ಮೇಲೆ ತಿರುಗಿಬೀಳುತ್ತದೆ. ಜನರ ಸಿಟ್ಟು ಹೇಗೆ ಬೆಳೆಯುತ್ತದೆ, ಒಂದು ಸುದ್ದಿ ಇಬ್ಬರು ಒಂಟಿ ಹೆಂಗಸರನ್ನು ಹೇಗೆ ಮುಗಿಸಬಹುದು ಅನ್ನುವುದನ್ನು ಇಷ್ಟು ಚೆನ್ನಾಗಿ ಬರೆದವರು ಕಡಿಮೆ. ಆದರೆ ಟೇ ಮೊದಲ ಪುಟದಿಂದ ದೊಡ್ಡ ಮನೆಯವರ ಪರ. ಆ ಹುಡುಗಿಯ ಕಣ್ಣಿನ ಬಣ್ಣ ನೋಡಿಯೇ ಅವಳು ಎಂಥವಳು ಅಂತ ಹೇಳಿಬಿಡುವ ಪಾತ್ರಗಳಿವೆ. ಹುಡುಗಿಯ ಒಳಗೆ ಏನಿತ್ತು ಅಂತ ನೋಡುವ ತಾಳ್ಮೆ ಅವರಿಗಿಲ್ಲ. ಇದು ನನ್ನ ದೂರು. ಅಷ್ಟು ಒಳ್ಳೆಯ ಲೇಖಕಿ ಇಷ್ಟು ಬೇಗ ತೀರ್ಪು ಕೊಡಬಾರದಿತ್ತು.

ಪಿ. ಡಿ. ಜೇಮ್ಸ್ ಹಾಗಲ್ಲ. ಅವರಿಗೆ ಆಫೀಸು, ಆಸ್ಪತ್ರೆ, ಸಂಬಳದ ದಿನ ಇವೆಲ್ಲ ಗೊತ್ತು. ಹದಿನಾರಕ್ಕೇ ಓದು ಬಿಟ್ಟವರು. ಗಂಡ ಯುದ್ಧದಿಂದ ಮಾನಸಿಕ ಕಾಯಿಲೆಯೊಂದಿಗೆ ವಾಪಸಾದರು. ಇಬ್ಬರು ಹೆಣ್ಣುಮಕ್ಕಳು. ಮನೆ ನಡೆಸಲು ಆಸ್ಪತ್ರೆ ಆಡಳಿತದಲ್ಲಿ ಕೆಲಸ, ಆಮೇಲೆ ಸರ್ಕಾರದ ಗೃಹ ಇಲಾಖೆಯಲ್ಲಿ. ಬೆಳಗ್ಗೆ ಬೇಗ ಎದ್ದು, ಕೆಲಸಕ್ಕೆ ಹೋಗುವ ಮುಂಚೆ ಬರೆಯುತ್ತಿದ್ದರು. ಮೊದಲ ಕಾದಂಬರಿ 'ಕವರ್ ಹರ್ ಫೇಸ್' 1962ರಲ್ಲಿ ಬಂದಾಗ ಅವರಿಗೆ ನಲವತ್ತು ದಾಟಿತ್ತು. ಅದರಲ್ಲಿ ಕೊಲೆಯಾಗುವವಳು ಸ್ಯಾಲಿ ಜಪ್, ದೊಡ್ಡ ಮನೆಯ ಕೆಲಸದವಳು, ಕೈಯಲ್ಲಿ ಕೂಸು. ಮದುವೆಯಾಗದ ತಾಯಂದಿರ ಆಶ್ರಮದಿಂದ ಬಂದವಳು.

ಸ್ಯಾಲಿ ಗ್ಲಾಡಿಸ್ ತರ ಅಲ್ಲ. ಬುದ್ಧಿವಂತೆ, ನೋಡಲು ಚೆಂದ, ತಲೆ ಬಗ್ಗಿಸುವುದಿಲ್ಲ. ಮನೆಯವರು ನಾವು ಎಷ್ಟು ಒಳ್ಳೆಯವರು, ಇಂಥವಳಿಗೆ ಆಸರೆ ಕೊಟ್ಟೆವು ಅಂದುಕೊಂಡಿರುತ್ತಾರೆ. ಅವಳು ಕೃತಜ್ಞಳಾಗಿರಬೇಕು ಅಂತ ಅವರ ಆಸೆ. ಅವಳು ಹಾಗಿರುವುದಿಲ್ಲ. ಅಷ್ಟಕ್ಕೇ ಮನೆಯ ಒಬ್ಬೊಬ್ಬರಿಗೂ ಅವಳ ಮೇಲೆ ಉರಿ. ದಯೆಯ ಒಳಗೆ ಎಷ್ಟು ಅಧಿಕಾರ ಅಡಗಿರುತ್ತದೆ ಅಂತ ಜೇಮ್ಸ್ ತಣ್ಣಗೆ ತೋರಿಸುತ್ತಾರೆ. ಹತ್ತು ವರ್ಷದ ನಂತರ, 1972ರಲ್ಲಿ, ಅವರೇ ಕಾರ್ಡೀಲಿಯಾ ಗ್ರೇ ಎಂಬ ಇಪ್ಪತ್ತೆರಡರ ಹುಡುಗಿಯನ್ನು ಪತ್ತೇದಾರಳನ್ನಾಗಿ ಮಾಡಿದರು. ಇದು ಹೆಂಗಸಿಗೆ ತಕ್ಕ ಕೆಲಸವಲ್ಲ ಅಂತ ಅವಳಿಗೆ ಒಬ್ಬರಾದ ಮೇಲೆ ಒಬ್ಬರು ಹೇಳುತ್ತಲೇ ಇರುತ್ತಾರೆ. ಪುಸ್ತಕದ ಹೆಸರೇ ಅದು.

ಇನ್ನು ರುತ್ ರೆಂಡೆಲ್. ಅವರ 1977ರ 'ಎ ಜಡ್ಜ್‌ಮೆಂಟ್ ಇನ್ ಸ್ಟೋನ್' ಓದಿದ ಮೇಲೆ ಎರಡು ದಿನ ನನಗೆ ಬೇರೆ ಏನೂ ಓದಲಾಗಲಿಲ್ಲ. ಮೊದಲ ವಾಕ್ಯದಲ್ಲೇ ಎಲ್ಲ ಹೇಳಿಬಿಡುತ್ತಾರೆ. ಕೊಂದವಳು ಯೂನಿಸ್ ಪಾರ್ಚ್‌ಮನ್. ಕೊಂದದ್ದು ಕವರ್‌ಡೇಲ್ ಕುಟುಂಬವನ್ನು. ಕಾರಣ, ಅವಳಿಗೆ ಓದು ಬರಹ ಬರುತ್ತಿರಲಿಲ್ಲ.

ಯೂನಿಸ್ ಆ ಮನೆಗೆ ಕೆಲಸಕ್ಕೆ ಸೇರಿದವಳು. ಮನೆಯವರು ಕೆಟ್ಟವರಲ್ಲ. ಓದಿದವರು, ಸಂಗೀತ ಕೇಳುವವರು. ಅವಳ ರೂಮಿಗೆ ಟಿವಿ ಹಾಕಿಸಿ ಕೊಡುತ್ತಾರೆ. ಆದರೆ ಆ ಮನೆ ತುಂಬಾ ಅಕ್ಷರ. ಕಪಾಟು ತುಂಬಾ ಪುಸ್ತಕ, ಮೇಜಿನ ಮೇಲೆ ಪೇಪರು, ಯಜಮಾನಿ ಬರೆದಿಟ್ಟು ಹೋಗುವ ಚೀಟಿ. ಒಂದೊಂದು ಚೀಟಿ ಕಂಡಾಗಲೂ ಯೂನಿಸ್‌ಳ ಎದೆ ಢವಢವ ಅನ್ನುತ್ತದೆ. ಕಣ್ಣು ಕಾಣುವುದಿಲ್ಲ, ಕನ್ನಡಕ ಬೇಕು ಅಂತ ನೆಪ ಹೇಳುತ್ತಾಳೆ. ಜೀವನ ಪೂರ್ತಿ ಒಂದೇ ಗುಟ್ಟನ್ನು ಕಾಪಾಡಿಕೊಂಡು ಬಂದವಳು. ಕೊನೆಗೆ ಆ ಮನೆಯ ಮಗಳು, ಒಳ್ಳೆಯ ಮನಸ್ಸಿನ ಹುಡುಗಿ, ಮ್ಯಾಗಜೀನಿನ ಒಂದು ಆಟ ಆಡಿಸುತ್ತಾ ಗುಟ್ಟು ಕಂಡುಹಿಡಿಯುತ್ತಾಳೆ. ನಾನು ಕಲಿಸಿಕೊಡುತ್ತೇನೆ ಅನ್ನುತ್ತಾಳೆ. ಅಲ್ಲಿಂದ ಎಲ್ಲ ಜಾರಲು ಶುರುವಾಗುತ್ತದೆ.

ರೆಂಡೆಲ್ ಕೊಲೆಯನ್ನು ಸಮರ್ಥಿಸುವುದಿಲ್ಲ. ಯೂನಿಸ್‌ಳನ್ನು ಪಾಪದವಳು ಅಂತಲೂ ತೋರಿಸುವುದಿಲ್ಲ. ಅವಳು ಹೆದರಿಸಿ ದುಡ್ಡು ಕೀಳುವವಳು, ಕಲ್ಲು ಮನಸ್ಸಿನವಳು. ಆದರೆ ಕಲ್ಲಾದದ್ದು ಹೇಗೆ ಅಂತ ಹೇಳುತ್ತಾರೆ. ಯುದ್ಧಕಾಲದಲ್ಲಿ ಸ್ಕೂಲಿನಿಂದ ಸ್ಕೂಲಿಗೆ ಅಲೆದ ಮಗು, ಯಾರೂ ಗಮನಿಸದ ಮಗು. ದೊಡ್ಡವಳಾದ ಮೇಲೂ ಗಮನಿಸಿದವರಿಲ್ಲ. ಕವರ್‌ಡೇಲ್ ಮನೆಯವರಿಗೆ ನೆಲ ಹೊಳೆಯುತ್ತಿದ್ದರೆ ಸಾಕು.

ನಮ್ಮ ಕೆಲಸದಮ್ಮನಿಗೂ ಓದು ಬರುತ್ತಿರಲಿಲ್ಲ. ಬೆಳಗ್ಗೆ ಐದೂವರೆಗೆ ಹಿಂಬಾಗಿಲಿಗೆ ಬರುತ್ತಿದ್ದರು. ಮುಸುರೆ ತಿಕ್ಕಿ, ಬಟ್ಟೆ ಒಗೆದು, ಅಂಗಳಕ್ಕೆ ನೀರು ಹಾಕಿ ಹೋಗುತ್ತಿದ್ದರು. ಅವರದೇ ಬೇರೆ ಲೋಟ. ಅಂಚು ನಗ್ಗಿದ ಸ್ಟೀಲ್ ಲೋಟ, ಬಚ್ಚಲಮನೆ ಕಿಟಕಿಯ ಮೇಲೆ ಬೋರಲು ಹಾಕಿರುತ್ತಿತ್ತು. ಅಮ್ಮ ಮೇಲಿಂದ ಕಾಫಿ ಹೊಯ್ಯುತ್ತಿದ್ದರು. ಕುಡಿದು, ತೊಳೆದು, ಅವರೇ ಮತ್ತೆ ಅಲ್ಲಿಡುತ್ತಿದ್ದರು. ನಾನು ಅದನ್ನು ದಿನಾ ನೋಡಿದ್ದೇನೆ. ಕೆಟ್ಟದ್ದು ಅಂತ ಒಂದು ದಿನವೂ ಅನ್ನಿಸಿರಲಿಲ್ಲ. ಒಂದು ಸಲ ನನ್ನ ಕೈಗೆ ಒಂದು ಕಾರ್ಡು ಕೊಟ್ಟು, ಓದವ್ವ ಅಂದರು. ಊರಿನಿಂದ ಬಂದದ್ದು. ಸ್ಕೂಲಿಗೆ ಹೊತ್ತಾಗಿತ್ತು. ಸಂಜೆ ಓದ್ತೀನಿ ಅಂತ ಓಡಿದೆ. ಸಂಜೆ ಮರೆತೆ. ಮಾರನೇ ದಿನ ಅವರು ಕೇಳಲಿಲ್ಲ. ಬೇರೆ ಯಾರೋ ಓದಿರಬೇಕು. ಗ್ಲಾಡಿಸ್‌ಳ ಕಾಗದ ಓದುವಾಗ ನನಗೆ ಥಟ್ಟನೆ ನೆನಪಾದದ್ದು ಆ ಕಾರ್ಡು.

ರೆಂಡೆಲ್ ಅವರ ಇನ್ನೊಂದು ಪುಸ್ತಕ ಇದೆ, 1994ರ 'ಸಿಮಿಸೋಲ'. ಕಿಂಗ್ಸ್‌ಮಾರ್ಕಮ್ ಎಂಬ ಕಲ್ಪಿತ ಊರು, ಇನ್‌ಸ್ಪೆಕ್ಟರ್ ವೆಕ್ಸ್‌ಫರ್ಡ್. ಸಂಭಾವಿತ, ಉದಾರಿ, ಓದಿದವನು. ಅವನ ಡಾಕ್ಟರ್ ನೈಜೀರಿಯಾ ಮೂಲದವರು. ಆ ಡಾಕ್ಟರ ಮಗಳು ಕಾಣೆಯಾಗುತ್ತಾಳೆ. ಕೆಲವು ದಿನಕ್ಕೆ ಕಪ್ಪು ಹುಡುಗಿಯೊಬ್ಬಳ ಹೆಣ ಸಿಗುತ್ತದೆ. ವೆಕ್ಸ್‌ಫರ್ಡ್ ತಂದೆ ತಾಯಿಯನ್ನು ಕರೆಸುತ್ತಾನೆ. ಬಟ್ಟೆ ಸರಿಸಿದರೆ ಅದು ಬೇರೆ ಯಾರೋ. ಕಪ್ಪು ಹುಡುಗಿ ಅಂದ ತಕ್ಷಣ ಅವಳೇ ಅಂದುಕೊಂಡುಬಿಟ್ಟಿದ್ದ. ತನಗೆ ಭೇದಭಾವ ಇಲ್ಲ ಅಂತ ನಂಬಿದ್ದ ಮನುಷ್ಯ ಆ ತಾಯಿಯ ಮುಂದೆ ನಿಂತಿರುವ ದೃಶ್ಯ ಓದುವುದಕ್ಕೆ ಕಷ್ಟ.

ಹಾಗಾದರೆ ಆ ಹೆಣ ಯಾರದು? ಯಾರೂ ದೂರು ಕೊಟ್ಟಿಲ್ಲ, ಯಾರೂ ಹುಡುಕುತ್ತಿಲ್ಲ. ಹೊರದೇಶದಿಂದ ಯಜಮಾನರ ಜೊತೆ ಬಂದು, ಒಂದು ಮನೆಯೊಳಗೆ ಗುಲಾಮಳ ಹಾಗೆ ದುಡಿದ ಹುಡುಗಿ ಅವಳು. ಹಾಗೆ ಬಂದ ಕೆಲಸದವರು ಆ ಯಜಮಾನರನ್ನು ಬಿಟ್ಟು ಬೇರೆ ಕಡೆ ಕೆಲಸ ಮಾಡಲು ಬ್ರಿಟನ್ನಿನ ನಿಯಮ ಆಗ ಬಿಡುತ್ತಿರಲಿಲ್ಲ. ಓಡಿಹೋದರೆ ದೇಶದಲ್ಲಿ ಇರುವುದೇ ತಪ್ಪು. ಕ್ರಿಸ್ಟಿಯ ಕಾಲದ ಕೆಲಸದ ಹುಡುಗಿಯರೆಲ್ಲ ಬೇರೆ ಕೆಲಸಕ್ಕೆ ಹೋದ ಮೇಲೆ ಆ ಜಾಗಕ್ಕೆ ಯಾರು ಬಂದರು ಅನ್ನುವುದನ್ನು ರೆಂಡೆಲ್ ಹುಡುಕಿ ತೋರಿಸಿದ್ದಾರೆ. 1997ರಲ್ಲಿ ಅವರು ಲೇಬರ್ ಪಕ್ಷದಿಂದ ಬ್ರಿಟನ್ ಸಂಸತ್ತಿನ ಮೇಲ್ಮನೆ ಲಾರ್ಡ್ಸ್ ಸಭೆಗೆ ಹೋದರು. ಕನ್ಸರ್ವೇಟಿವ್ ಪಕ್ಷದ ಜೇಮ್ಸ್ ಆಗಲೇ ಅಲ್ಲಿದ್ದರು. ರಾಜಕೀಯದಲ್ಲಿ ಆಚೆ ಈಚೆ, ಹೊರಗೆ ಗೆಳತಿಯರು.

ಆ ಪುಸ್ತಕದ ತುಂಬಾ ಸತ್ತ ಹುಡುಗಿಗೆ ಹೆಸರಿಲ್ಲ. ವೆಕ್ಸ್‌ಫರ್ಡ್ ತಾನೇ ಒಂದು ಹೆಸರು ಇಟ್ಟುಕೊಂಡು ಕರೆಯುತ್ತಾನೆ. ನಿಜವಾದ ಹೆಸರು ತಿಳಿಯುವುದು ಕಟ್ಟಕಡೆಗೆ. ಅದು ರಟ್ಟಿನ ಮೇಲೇ ಇರುತ್ತದೆ. ಇಡೀ ಪುಸ್ತಕ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಓದಿರುತ್ತೇವೆ.

ಅದನ್ನು ಮುಗಿಸಿದ ರಾತ್ರಿಯೇ ಅಮ್ಮನಿಗೆ ಫೋನ್ ಮಾಡಿದೆ. ಕೆಲಸದಮ್ಮನ ಹೆಸರು ಏನಮ್ಮಾ ಅಂತ ಕೇಳಿದೆ.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದೊಂದಾಗಿ ಹೇಳತೊಡಗಿದರು. ಕಾಫಿಗೆ ಸಕ್ಕರೆ ಜಾಸ್ತಿ ಬೇಕಿತ್ತು. ಎಡಗೈ ಮೇಲೆ ಸುಟ್ಟ ಗಾಯದ ಕಲೆ ಇತ್ತು. ಮಗಳ ಮದುವೆಗೆ ಅಮ್ಮ ತಮ್ಮ ಹಸಿರು ಸೀರೆ ಕೊಟ್ಟಿದ್ದರು. ಯುಗಾದಿಗೆ ಒಬ್ಬಟ್ಟು ಕೊಟ್ಟರೆ ಅಲ್ಲಿ ತಿನ್ನದೆ ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ಒಂದು ಶ್ರಾವಣದಲ್ಲಿ ಹುಷಾರಿಲ್ಲ ಅಂತ ಹೇಳಿಕಳಿಸಿದವರು ಆಮೇಲೆ ಬರಲೇ ಇಲ್ಲ.

"ಹೆಸರು?" ಅಂದೆ.

"ಇರು ಕಣೇ," ಅಂದರು ಅಮ್ಮ. "ನಾಲಿಗೆ ತುದೀಲೇ ಇದೆ. ನಾಳೆ ನಿಮ್ಮ ದೊಡ್ಡಮ್ಮನ್ನ ಕೇಳಿ ಹೇಳ್ತೀನಿ."